ಗಂಗಾವಳಿಗೆ ಬಿದ್ದದ್ದು ಅಣು ಇಂಧನದ ಕಾಸ್ಕ್ ಆಗಿದ್ದರೆ?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯಲ್ಲಿದ್ದ ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿ ಪಾಲಾಯಿತು. ಒಂದು ಲಾರಿಯಂತೂ ಎರಡು ತಿಂಗಳಿಗೂ ಜಾಸ್ತಿ ಕಾಲ ಹೊಳೆಯ ತಳದಲ್ಲೇ ಉಳಿಯಿತು. ಇದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಮುರಿದು ನೀರಿಗೆ ಬಿತ್ತು.

ಆಗಿನಿಂದ ಜಿಲ್ಲೆಯಲ್ಲಿ ಒಂದು ಪ್ರಶ್ನೆ ಸುಳಿದಾಡುತ್ತಲೇ ಇದೆ. ಕಾರವಾರ ತಾಲೂಕಿನ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರವಿದೆ. ಅಲ್ಲಿ ಬಳಸಿ ಮುಗಿದ ಇಂಧನ ಒಂದಲ್ಲ ಒಂದು ದಿನ ಹೊರಗೆ ಹೋಗಬೇಕು. ಆ ಟ್ಯಾಂಕರ್ ಜಾಗದಲ್ಲಿ ಆ ಇಂಧನ ಸಾಗಿಸುವ ಭಾರೀ ಪೆಟ್ಟಿಗೆ, ಅಂದರೆ ಕಾಸ್ಕ್, ಹೊತ್ತ ಗಾಡಿ ಇದ್ದಿದ್ದರೆ ಏನಾಗುತ್ತಿತ್ತು?

ಇದಕ್ಕೆ ಎರಡು ಉತ್ತರ ಓಡಾಡುತ್ತಿವೆ. ಒಂದು: "ರೈಲು ಗುದ್ದಿದರೂ ಆ ಪೆಟ್ಟಿಗೆ ಒಡೆಯೋದಿಲ್ಲ, ಸುಮ್ನೆ ಹೆದರಬೇಡಿ." ಇನ್ನೊಂದು: "ಇಡೀ ಕರಾವಳಿ ಖಾಲಿಯಾಗುತ್ತಿತ್ತು." ಮೊದಲನೆಯದರಲ್ಲಿ ಮುಕ್ಕಾಲು ನಿಜವಿದೆ, ಆದರೆ ಅದು ಅರ್ಧ ಪ್ರಶ್ನೆಗಷ್ಟೇ ಉತ್ತರ. ಎರಡನೆಯದು ನಿಜವಲ್ಲ. ಹಾಗಂತ ಅದರ ಹಿಂದಿನ ಅಳುಕನ್ನು ತಳ್ಳಿಹಾಕುವಂತೆಯೂ ಇಲ್ಲ.

ಈ ಮಾತು ಈಗ ಯಾಕೆ?

ಕೈಗಾದಲ್ಲಿ ಸದ್ಯ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲನೆಯದು 2000ದಲ್ಲಿ ವಿದ್ಯುತ್ ಕೊಡಲು ಶುರುಮಾಡಿತು, ನಾಲ್ಕನೆಯದು 2011ರಲ್ಲಿ. ಇವುಗಳ ಪಕ್ಕದಲ್ಲಿ 700 ಮೆಗಾವಾಟ್‌ನ ಇನ್ನೆರಡು ಘಟಕ, ಅಂದರೆ 5 ಮತ್ತು 6, ಬರಲಿವೆ. 2018ರ ಡಿಸೆಂಬರ್‌ನಲ್ಲಿ ಮಲ್ಲಾಪುರದಲ್ಲಿ ನಡೆದ ಅಹವಾಲು ಸಭೆಯಲ್ಲಿ ಇವಕ್ಕೆ ಜೋರು ವಿರೋಧ ಬಂದಿತ್ತು. ಮರುವರ್ಷ ಪರಿಸರ ಅನುಮತಿಯೂ ಸಿಕ್ಕಿತು.

ಲೆಕ್ಕ ಸರಳ. ಈಗ ಒಟ್ಟು 880 ಮೆಗಾವಾಟ್. ಹೊಸದು ಸೇರಿದರೆ 2,280. ಬಳಸಿದ ಇಂಧನದ ಪ್ರಮಾಣವೂ ಅಂದಾಜು ಎರಡೂವರೆ ಪಟ್ಟು ಆಗುತ್ತದೆ.

ಇದರ ಮೇಲೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' ಕಾಯ್ದೆ ಅಣುಶಕ್ತಿಗೆ ಖಾಸಗಿಯವರನ್ನೂ ಬಿಟ್ಟುಕೊಂಡಿದೆ. ಬಳಸಿದ ಇಂಧನದ ಮರುಸಂಸ್ಕರಣೆ, ಅಂದರೆ ಅದರಲ್ಲಿ ಮತ್ತೆ ಬಳಸಬಹುದಾದ್ದನ್ನು ಬೇರ್ಪಡಿಸುವ ಕೆಲಸ, ಮಾತ್ರ ಕೇಂದ್ರ ಸರ್ಕಾರದ ಕೈಯಲ್ಲೇ ಉಳಿದಿದೆ. ಅತ್ತ ಉಕ್ರೇನಿನ ಝಪೊರಿಝಿಯಾ ಸ್ಥಾವರದಲ್ಲಿ ಬಳಸಿದ ಇಂಧನದ ಕಾಂಕ್ರೀಟ್ ಪೆಟ್ಟಿಗೆಗಳು ಬಯಲಲ್ಲೇ ನಿಂತಿವೆ. 2022ರ ಆಗಸ್ಟ್‌ನಲ್ಲಿ ಅವುಗಳ ಹತ್ತಿರವೇ ಶೆಲ್ ಬಿದ್ದ ಸುದ್ದಿ ಬಂತು. ಇವೆಲ್ಲ ಒಟ್ಟಿಗೆ ಕಿವಿಗೆ ಬಿದ್ದರೆ ಗೊಂದಲ ಆಗದೇ ಇರುತ್ತದೆಯೇ?

ಒಳಗೆ ಇರುವುದು ಏನು?

ಕೈಗಾದ ಇಂಧನ ಎಂದರೆ ಯುರೇನಿಯಂ ಆಕ್ಸೈಡ್‌ನ ಸಣ್ಣ ಸಣ್ಣ ಬಿಲ್ಲೆಗಳು. ಪಿಂಗಾಣಿಯ ಹಾಗೆ ಸುಟ್ಟು ಗಟ್ಟಿ ಮಾಡಿದವು. ಅವನ್ನು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ತುಂಬುತ್ತಾರೆ. ಅಂಥ 19 ಕೊಳವೆ ಸೇರಿದರೆ ಒಂದು ಬಂಡಲ್. ಅರ್ಧ ಮೀಟರ್ ಉದ್ದ, ಸುಮಾರು 16 ಕಿಲೋ ತೂಕ. ಸಣ್ಣ ಸೌದೆ ಕಟ್ಟಿನಷ್ಟು ಅಂದುಕೊಳ್ಳಿ. ಒಂದು ರಿಯಾಕ್ಟರ್‌ನಲ್ಲಿ ಇಂಥವು 3,672 ಇರುತ್ತವೆ. ಪೂರ್ತಿ ಓಡುವಾಗ ದಿನಕ್ಕೆ ಎಂಟೊಂಬತ್ತು ಬಂಡಲ್ ಹೊರಬರುತ್ತವೆ. ನಾಲ್ಕೂ ಘಟಕ ವರ್ಷವಿಡೀ ಓಡಿದರೆ ಹತ್ತು ಸಾವಿರ ದಾಟುತ್ತದೆ.

ಹೊರಬಂದ ಬಂಡಲ್ ಹತ್ತಿರ ಮರೆಯಿಲ್ಲದೆ ನಿಂತರೆ ಸಾವೇ. ಅಷ್ಟು ವಿಕಿರಣ. ಜೊತೆಗೆ ಬಿಸಿ. ಅದಕ್ಕೇ ಅದನ್ನು ಮೊದಲು ಆಳವಾದ ನೀರಿನ ಕೊಳಕ್ಕೆ ಇಳಿಸುತ್ತಾರೆ. ನೀರು ಶಾಖವನ್ನೂ ಹೀರುತ್ತದೆ, ವಿಕಿರಣವನ್ನೂ ತಡೆಯುತ್ತದೆ. ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಹತ್ತು ವರ್ಷ ಆರಿದ ಒಂದು ಬಂಡಲ್‌ನ ಶಾಖ ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು, ಕೆಲವೇ ವಾಟ್.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಗ್ಯಾಸ್ ಟ್ಯಾಂಕರ್‌ನಲ್ಲಿ ಇರುವ ಸರಕು ಹೊರಗೆ ಬರಲು ಕಾಯುತ್ತಿರುತ್ತದೆ. ಒಳಗಿನ ಒತ್ತಡವೇ ಅದನ್ನು ತಳ್ಳುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಉರುಳಿ ಬೆಂಕಿ ಹೊತ್ತಿಕೊಂಡ ಗ್ಯಾಸ್ ಟ್ಯಾಂಕರ್ ಏನು ಮಾಡಿತು ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಅಣು ಇಂಧನ ಹಾಗಲ್ಲ. ಅದು ಘನ ವಸ್ತು. ಹರಿಯುವುದಿಲ್ಲ, ಹಬೆಯಾಗುವುದಿಲ್ಲ, ಬೆಂಕಿ ತಾಗಿದರೆ ಸಿಡಿಯುವುದೂ ಇಲ್ಲ. ಕೈಗಾದಂಥ ಸಹಜ ಯುರೇನಿಯಂನ ಬಂಡಲ್‌ಗಳು ಹೊಳೆಯ ಸಾದಾ ನೀರಲ್ಲಿ ಬಿದ್ದರೆ ತಾವಾಗಿ ಸರಣಿ ಕ್ರಿಯೆ ಶುರುಮಾಡಲಾರವು. ಅಣುಬಾಂಬ್ ಆಗುವ ಮಾತಂತೂ ದೂರ.

ಅಪಾಯ ಬೇರೆ ಕಡೆ ಇದೆ. ಕೊಳವೆಗಳು ಒಡೆದರೆ ಒಳಗೆ ಸೇರಿಕೊಂಡಿರುವ ಕ್ರಿಪ್ಟಾನ್‌ನಂಥ ಅನಿಲ ಹೊರಬರುತ್ತದೆ. ತುಂಬಾ ಬಿಸಿಯಾದರೆ ಸೀಸಿಯಂ ಆವಿಯಾಗಿ ಏಳುತ್ತದೆ. ಬಿಲ್ಲೆ ಪುಡಿಯಾದರೆ ದೂಳು. ಇವು ಹೊರಗೆ ಬರಬೇಕಾದರೆ ಹೊರಗಿನ ಪೆಟ್ಟಿಗೆ ಮೊದಲು ಬಾಯಿ ಬಿಡಬೇಕು. ಆ ಪೆಟ್ಟಿಗೆಯೇ ಕಾಸ್ಕ್.

ಸಿಪ್ಪೆ ಇರುವ ಕಾಯಿ, ಸುಲಿದ ಕಾಯಿ

ಕಾಸ್ಕ್ ಎಂದರೆ ದಪ್ಪ ಉಕ್ಕಿನ ಅಥವಾ ಎರಕದ ಕಬ್ಬಿಣದ ಪೀಪಾಯಿ. ಕೆಲವದರಲ್ಲಿ ಗೋಡೆಯ ನಡುವೆ ಸೀಸ ತುಂಬಿರುತ್ತದೆ. ಗೋಡೆಯ ದಪ್ಪ ಮೊಳದ ಹತ್ತಿರ ಹೋಗುವುದೂ ಉಂಟು. ತೂಕ ಹತ್ತಾರು ಟನ್, ದೊಡ್ಡವು ನೂರು ಟನ್ ದಾಟುತ್ತವೆ. ಸಾಗಿಸುವಾಗ ಎರಡೂ ತುದಿಗೆ ಮರದ ಅಥವಾ ಫೋಮ್‌ನ ದಪ್ಪ ಟೊಪ್ಪಿ ಹಾಕುತ್ತಾರೆ.

ಆ ಟೊಪ್ಪಿ ಯಾಕೆ? ಮರದಿಂದ ಬಿದ್ದ ತೆಂಗಿನಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಸಿಪ್ಪೆ ಪೆಟ್ಟನ್ನು ನುಂಗುತ್ತದೆ. ಅದೇ ಕಾಯಿಯನ್ನು ಸುಲಿದು ದೇವಸ್ಥಾನದ ಕಲ್ಲಿಗೆ ಹೊಡೆದರೆ ಎರಡು ಹೋಳು. ಕಾಸ್ಕ್‌ನ ಟೊಪ್ಪಿ ಆ ಸಿಪ್ಪೆಯ ಕೆಲಸ ಮಾಡುತ್ತದೆ. ತಾನು ನಜ್ಜುಗುಜ್ಜಾಗಿ ಒಳಗಿನದನ್ನು ಉಳಿಸುತ್ತದೆ.

ಕಲ್ಲು ಕೂಡ ಮುಖ್ಯ. ಅದೇ ಸುಲಿದ ಕಾಯಿ ಕಡಲ ತಡಿಯ ಮರಳಿಗೆ ಬಿದ್ದರೆ ಏನೂ ಆಗದು. ಮರಳು ಜರುಗಿ ಜಾಗ ಕೊಡುತ್ತದೆ. ಕಾಸ್ಕ್ ಪರೀಕ್ಷೆಯ ಗುಟ್ಟು ಇಲ್ಲೇ ಇದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನಿಯಮದಂತೆ ಕಾಸ್ಕ್ ಒಂಬತ್ತು ಮೀಟರ್ ಎತ್ತರದಿಂದ ಬಿದ್ದರೂ ತಡೆಯಬೇಕು. ನೆಲ ಮುಟ್ಟುವಾಗ ವೇಗ ಗಂಟೆಗೆ 48 ಕಿಲೋಮೀಟರ್ ಅಷ್ಟೇ. "ಇಷ್ಟೇನಾ? ನಮ್ಮ ಹೆದ್ದಾರಿಯಲ್ಲಿ ಲಾರಿ ಎಂಬತ್ತರಲ್ಲಿ ಹೋಗುತ್ತಲ್ಲ!" ಎಂದು ಕೇಳುವುದು ಸಹಜ. ಆದರೆ ಆ ನೆಲ ಚೂರೂ ಬಗ್ಗದ ನೆಲ: ಭಾರೀ ಕಾಂಕ್ರೀಟ್ ಗಡ್ಡೆ, ಮೇಲೆ ದಪ್ಪ ಉಕ್ಕಿನ ಹಾಳೆ. ಪೆಟ್ಟಿನ ಶಕ್ತಿಯೆಲ್ಲ ಕಾಸ್ಕ್ ಮೇಲೇ ಬೀಳಬೇಕು. ಲೋಕದಲ್ಲಿ ಅಂಥ ನೆಲ ಎಲ್ಲೂ ಸಿಗುವುದಿಲ್ಲ. ಮಣ್ಣು ಕುಸಿಯುತ್ತದೆ, ಡಾಂಬರು ತಗ್ಗುತ್ತದೆ, ಸೇತುವೆ ಕಂಬ ಪುಡಿಯಾಗುತ್ತದೆ, ಇನ್ನೊಂದು ಲಾರಿ ಮುದ್ದೆಯಾಗುತ್ತದೆ. ಹಾಗಾಗಿ ಪರೀಕ್ಷೆಯ 48 ಕಿಲೋಮೀಟರ್ ಎನ್ನುವುದು ನಿಜವಾದ ರಸ್ತೆಯ ಎಷ್ಟೋ ಹೆಚ್ಚಿನ ವೇಗಕ್ಕೆ ಸಮ.

ಇದರ ಮೇಲೆ ಇನ್ನೂ ಮೂರು ಪರೀಕ್ಷೆ. 15 ಸೆಂಟಿಮೀಟರ್ ಅಗಲದ ಉಕ್ಕಿನ ಗೂಟದ ಮೇಲೆ ಒಂದು ಮೀಟರ್‌ನಿಂದ ಬೀಳುವುದು. 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ. ನೀರಿನಲ್ಲಿ 15 ಮೀಟರ್ ಆಳದಲ್ಲಿ ಎಂಟು ಗಂಟೆ, ಬಳಸಿದ ಇಂಧನದಂಥ ಸರಕಾದರೆ 200 ಮೀಟರ್ ಆಳದಲ್ಲಿ ಒಂದು ಗಂಟೆ.

ನಿಜವಾಗಿ ಗುದ್ದಿ ನೋಡಿದವರು

ರೈಲು ಬಂದು ಪೆಟ್ಟಿಗೆಗೆ ಅಪ್ಪಳಿಸುವ ಹಳೇ ವಿಡಿಯೊ ಸುಳ್ಳಲ್ಲ. 1984ರ ಜುಲೈ 17ರಂದು ಬ್ರಿಟನ್ನಿನ ಓಲ್ಡ್ ಡಾಲ್ಬಿ ಎಂಬಲ್ಲಿ ಅಲ್ಲಿನ ಸರ್ಕಾರಿ ವಿದ್ಯುತ್ ಮಂಡಳಿ ಮಾಡಿಸಿದ ಪ್ರಯೋಗ ಅದು. ಹಳಿಯ ಮೇಲೆ ಸುಮಾರು 48 ಟನ್ನಿನ ಕಾಸ್ಕ್ ಇಟ್ಟು, ಚಾಲಕನಿಲ್ಲದ 140 ಟನ್ನಿನ ಎಂಜಿನ್ನನ್ನು ಮೂರು ಬೋಗಿ ಸಮೇತ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬಿಟ್ಟರು. ಎಂಜಿನ್ ಚಿಂದಿಯಾಯಿತು. ಕಾಸ್ಕ್ ಉರುಳಿಹೋಯಿತು, ಮೈಮೇಲೆ ಗೀರು ಬಿತ್ತು. ಒಳಗೆ ತುಂಬಿದ್ದ ಒತ್ತಡದಲ್ಲಿ ನೂರಕ್ಕೆ ಒಂದು ಪಾಲೂ ಕಡಿಮೆಯಾಗಲಿಲ್ಲ.

ಅದಕ್ಕೂ ಮೊದಲೇ, 1977 ಮತ್ತು 78ರಲ್ಲಿ, ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಕಾಸ್ಕ್ ಹೊತ್ತ ಲಾರಿಯನ್ನು ಕಾಂಕ್ರೀಟ್ ಗೋಡೆಗೆ ಗುದ್ದಿಸಿದ್ದರು, ಕ್ರಾಸಿಂಗ್‌ನಲ್ಲಿ ರೈಲಿನಿಂದ ಹೊಡೆಸಿದ್ದರು. ಫಲಿತಾಂಶ ಹೆಚ್ಚುಕಡಿಮೆ ಇದೇ.

ಬರ್ಗಿಯ ನೆನಪಿರುವವರಿಗೆ ಹತ್ತಿರವಾದದ್ದು 1999ರ ಜರ್ಮನ್ ಪ್ರಯೋಗ. ಪ್ರೋಪೇನ್ ತುಂಬಿದ ರೈಲು ಟ್ಯಾಂಕರ್ ಪಕ್ಕದಲ್ಲೇ ಕಾಸ್ಕ್ ಇಟ್ಟು ಬೆಂಕಿ ಹಚ್ಚಿದರು. ಟ್ಯಾಂಕರ್ ಸಿಡಿಯಿತು. ಕಾಸ್ಕ್ ಕೆಲವು ಮೀಟರ್ ದೂರಕ್ಕೆ ಎಗರಿ ಬಿತ್ತು. ಮುಚ್ಚಳ ಬಿಗಿಯಾಗಿಯೇ ಇತ್ತು.

ವಿಮಾನ? ಕಾರವಾರದಲ್ಲಿ ನೌಕಾನೆಲೆ ಇದೆ, ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆ ಇದೆ. ಕೇಳಬೇಕಾದ ಪ್ರಶ್ನೆಯೇ. ವಿಮಾನದ ಮೈ ತೆಳು ಅಲ್ಯೂಮಿನಿಯಂ, ಗಟ್ಟಿ ಗುರಿಗೆ ಬಡಿದರೆ ಅದೇ ಹುಡಿಯಾಗುತ್ತದೆ. ಅದರಲ್ಲಿ ನಿಜಕ್ಕೂ ಗಟ್ಟಿ ಇರುವುದು ಎಂಜಿನ್ನಿನ ನಡುವಿನ ದಂಡ. ಜರ್ಮನಿಯವರು 1970ರ ದಶಕದ ಕೊನೆಯಲ್ಲಿ ಆ ದಂಡವನ್ನು ಹೋಲುವ, ಸುಮಾರು ಒಂದು ಟನ್ ತೂಕದ ಉಕ್ಕಿನ ತುಂಡನ್ನು ಶಬ್ದದ ವೇಗದ ಹತ್ತಿರದಲ್ಲಿ ಕಾಸ್ಕ್‌ಗೆ ಹೊಡೆದು ನೋಡಿದರು. ಗೋಡೆ ತೂತಾಗಲಿಲ್ಲ. ಇಂಥ ಪೆಟ್ಟಿನಲ್ಲಿ ಎಂಜಿನಿಯರ್‌ಗಳು ಕಣ್ಣಿಡುವುದು ಗೋಡೆಯ ಮೇಲಲ್ಲ, ಮುಚ್ಚಳದ ಬೋಲ್ಟ್ ಮತ್ತು ಸೀಲ್ ಮೇಲೆ. ಸೋರಿದರೆ ಅಲ್ಲಿಂದಲೇ.

ಯುದ್ಧದ ಟ್ಯಾಂಕ್ ಒಡೆಯಲೆಂದೇ ಮಾಡಿದ ಸ್ಫೋಟಕದ ಕತೆ ಬೇರೆ. ಅದು ಕಾಸ್ಕ್‌ಗೂ ತೂತು ಮಾಡಬಲ್ಲದು. ಅಮೆರಿಕದ ಪ್ರಯೋಗದಲ್ಲಿ ಮಾಡಿದೆ ಕೂಡ. ಒಳಗಿದ್ದುದರ ತೀರ ಸಣ್ಣ ಪಾಲು ಹೊರಬಂತು. ಊರು ಖಾಲಿಯಾಗುವಷ್ಟಲ್ಲ, ಆದರೆ ಸೊನ್ನೆಯೂ ಅಲ್ಲ.

ಹಾಗಿದ್ದರೆ ತಕರಾರು ಏನು?

ವಿರೋಧಿಸುವವರೆಲ್ಲ ಭೌತಶಾಸ್ತ್ರ ಗೊತ್ತಿಲ್ಲದವರು ಎಂದುಕೊಂಡರೆ ತಪ್ಪು. ಅವರ ಮಾತಿನಲ್ಲೂ ತೂಕವಿದೆ.

ಮೊದಲನೆಯದು, ಇಂದು ಬಳಕೆಯಲ್ಲಿರುವ ಎಲ್ಲ ಮಾದರಿಯ ಕಾಸ್ಕ್‌ಗಳನ್ನೂ ಪೂರ್ಣ ಗಾತ್ರದಲ್ಲಿ ಬೀಳಿಸಿ ನೋಡಿಲ್ಲ. ನಿಯಮ ಅದನ್ನು ಕಡ್ಡಾಯ ಮಾಡಿಲ್ಲ. ಸಣ್ಣ ಮಾದರಿ ಮತ್ತು ಕಂಪ್ಯೂಟರ್ ಲೆಕ್ಕ ಸಾಕು. ಅಮೆರಿಕದ ನೆವಾಡಾ ರಾಜ್ಯ ಪೂರ್ಣ ಗಾತ್ರದ ಪರೀಕ್ಷೆಗೆ ವರ್ಷಗಟ್ಟಲೆ ಪಟ್ಟು ಹಿಡಿಯಿತು. ಅಲ್ಲಿನ ನಿಯಂತ್ರಣ ಆಯೋಗ ಒಂದು ಯೋಜನೆಯನ್ನೂ ಹಾಕಿತು. ಅದು ಕಾಗದದಲ್ಲೇ ಉಳಿಯಿತು.

ಎರಡನೆಯದು, ಬೆಂಕಿ 30 ನಿಮಿಷಕ್ಕೇ ಆರಬೇಕು ಎಂದೇನೂ ಇಲ್ಲ. 2001ರ ಜುಲೈನಲ್ಲಿ ಬಾಲ್ಟಿಮೋರ್‌ನ ರೈಲು ಸುರಂಗದಲ್ಲಿ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಅಂಥ ಬೆಂಕಿಯಲ್ಲಿ ಕಾಸ್ಕ್ ಇದ್ದಿದ್ದರೆ ಎಂದು ಆಮೇಲೆ ಲೆಕ್ಕ ಹಾಕಿದಾಗ, ದೊಡ್ಡ ಸೋರಿಕೆ ಆಗುತ್ತಿರಲಿಲ್ಲ ಎಂಬ ಉತ್ತರ ಬಂತು. ಅದೂ ಲೆಕ್ಕವೇ, ಪ್ರಯೋಗವಲ್ಲ. ಕೊಂಕಣ ರೈಲು ಸುರಂಗಗಳ ಸಾಲಿನಲ್ಲೇ ಓಡುವುದರಿಂದ ಈ ಮಾತು ನಮಗೂ ಸಂಬಂಧಿಸಿದ್ದೇ.

ಶಿರೂರು ಕೇಳುವ ಪ್ರಶ್ನೆ

ಮೂರನೆಯ ತಕರಾರು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ಮತ್ತು ಅದನ್ನು ನಮ್ಮ ಜಿಲ್ಲೆಯಷ್ಟು ಚೆನ್ನಾಗಿ ಬೇರೆ ಯಾರೂ ಕೇಳಲಾರರು. ಪರೀಕ್ಷೆಗಳೆಲ್ಲ ಪೆಟ್ಟನ್ನು ಅಳೆಯುತ್ತವೆ. ಪೆಟ್ಟು ಬಿದ್ದ ಮೇಲಿನ ದಿನಗಳನ್ನು ಅಷ್ಟಾಗಿ ಅಳೆಯುವುದಿಲ್ಲ.

ಶಿರೂರಿನ ಲಾರಿಯನ್ನೇ ತೆಗೆದುಕೊಳ್ಳಿ. ಅದು ಬಿದ್ದ ಆಳಕ್ಕೆ 200 ಮೀಟರ್ ಪರೀಕ್ಷೆ ದಾಟಿದ ಕಾಸ್ಕ್ ಏನೂ ಆಗದೆ ಕೂರುತ್ತಿತ್ತು. ನೀರಿನ ಒತ್ತಡ ಅಲ್ಲಿ ತೀರ ಕಡಿಮೆ. ಆದರೆ ನಿಯಮದ ಗಡಿಯಾರ ಒಂದು ಗಂಟೆ, ಎಂಟು ಗಂಟೆ ಎನ್ನುತ್ತದೆ. ಗಂಗಾವಳಿಯಲ್ಲಿ ಆ ಲಾರಿ ಎಪ್ಪತ್ತು ದಿನ ಇತ್ತು. ಮಳೆ, ಸೆಳೆತ, ಕೆಸರು ಎಲ್ಲ ಅಡ್ಡ ಬಂದವು. ನೌಕಾಪಡೆಯವರು ಇಳಿದರು, ಕೊನೆಗೆ ಗೋವಾದಿಂದ ಹೂಳೆತ್ತುವ ಯಂತ್ರ ಬರಬೇಕಾಯಿತು. ಒಂದು ಲಾರಿಗೆ ಇಷ್ಟು ಪಾಡಾದರೆ, ಅದರ ಎಷ್ಟೋ ಪಟ್ಟು ತೂಕದ ಕಬ್ಬಿಣದ ಗಡ್ಡೆಯನ್ನು ಮೇಲೆತ್ತುವ ಕ್ರೇನ್ ಎಲ್ಲಿಂದ ಬರುತ್ತದೆ? ಅದು ನಿಲ್ಲುವ ರಸ್ತೆ ಉಳಿದಿರುತ್ತದೆಯೇ?

ಇನ್ನೊಂದು ಸೂಕ್ಷ್ಮ ಇದೆ. ಕಾಸ್ಕ್ ತನ್ನ ಒಳಗಿನ ಬಿಸಿಯನ್ನು ಮೈಯಿಂದ ಗಾಳಿಗೆ ಬಿಟ್ಟುಕೊಂಡು ತಣ್ಣಗಿರುತ್ತದೆ. ನೀರಿನಲ್ಲಿದ್ದರೆ ಇನ್ನೂ ಒಳ್ಳೆಯದು. ಆದರೆ ಗುಡ್ಡದ ಮಣ್ಣಿನಡಿ ಹೂತರೆ? ಮಣ್ಣು ಕಂಬಳಿ ಹೊದೆಸಿದ ಹಾಗೆ. ಬಿಸಿ ನಿಧಾನವಾಗಿ ಏರುತ್ತದೆ, ಸೀಲ್‌ಗಳಿಗೆ ಅದು ಒಳ್ಳೆಯದಲ್ಲ. ಇಲ್ಲಿ ಇಂಧನದ ವಯಸ್ಸು ಮುಖ್ಯವಾಗುತ್ತದೆ. ಹತ್ತು ವರ್ಷ ಕೊಳದಲ್ಲಿ ಆರಿದ ಇಂಧನವಾದರೆ ಏರಿಕೆ ಸಣ್ಣದು, ತೆಗೆಯಲು ಸಮಯ ಸಿಗುತ್ತದೆ. ಬೇಗ ಹೊರಟ ಬಿಸಿ ಇಂಧನವಾದರೆ ಆ ಸಮಯ ಕಡಿಮೆ. ಅಂದರೆ ನಮ್ಮ ಘಟ್ಟದ ದಾರಿಯಲ್ಲಿ ಸುರಕ್ಷತೆ ಇರುವುದು ಉಕ್ಕಿನ ದಪ್ಪದಲ್ಲಿ ಎಷ್ಟೋ, ಕಾಯುವುದರಲ್ಲೂ ಅಷ್ಟೇ.

ಪೆಟ್ಟಿಗೆಗಿಂತ ಕೊಳ

ಕಾಸ್ಕ್ ಬಗ್ಗೆ ಇಷ್ಟು ಹೆದರುವ ನಾವು ಕೊಳದ ಬಗ್ಗೆ ಮಾತೇ ಆಡುವುದಿಲ್ಲ. ವಿಚಿತ್ರ ಅಲ್ವಾ?

2011ರ ಮಾರ್ಚ್‌ನಲ್ಲಿ ಫುಕುಶಿಮಾ ದಾಯಿಚಿಯಲ್ಲಿ ಎರಡೂ ಇದ್ದವು. ಕಡಲ ಪಕ್ಕದ ಕಟ್ಟಡದಲ್ಲಿ ಒಂಬತ್ತು ಕಾಸ್ಕ್, ಅವುಗಳಲ್ಲಿ ಇಂಧನ ಕೊಳವೆಗಳ 408 ಕಟ್ಟು. ಸುನಾಮಿ ಆ ಕಟ್ಟಡಕ್ಕೆ ನುಗ್ಗಿತು, ಕೆಸರು ಮತ್ತು ಕಸ ತುಂಬಿತು. ಕಾಸ್ಕ್‌ಗಳಿಗೆ ಏನೂ ಆಗಲಿಲ್ಲ. ಅವಕ್ಕೆ ವಿದ್ಯುತ್ ಬೇಡ, ಪಂಪ್ ಬೇಡ. ಅದೇ ಹೊತ್ತಿಗೆ ಜಗತ್ತು ಉಸಿರು ಬಿಗಿಹಿಡಿದು ನೋಡುತ್ತಿದ್ದದ್ದು ನಾಲ್ಕನೇ ಘಟಕದ ಕೊಳವನ್ನು. ಕರೆಂಟು ಹೋಗಿ ಪಂಪು ನಿಂತಿತ್ತು. ನೀರು ಆವಿಯಾಗಿ ಇಂಧನ ಮೇಲೆ ಕಾಣಿಸಿಕೊಂಡರೆ ಏನು ಗತಿ ಎಂದು ಕಾಂಕ್ರೀಟ್ ಪಂಪಿನ ಲಾರಿ ತಂದು ನೀರು ಸುರಿದರು. ಕೊನೆಗೆ ಕೊಳದಲ್ಲಿ ನೀರು ಉಳಿದಿತ್ತು ಎಂದು ಗೊತ್ತಾಯಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ 5.8ರ ಭೂಕಂಪ ಆಯಿತು. ನಾರ್ತ್ ಆನ್ನಾ ಸ್ಥಾವರದಲ್ಲಿ ನಿಂತಿದ್ದ ಭಾರೀ ಕಾಸ್ಕ್‌ಗಳಲ್ಲಿ 25 ಕೆಲವು ಸೆಂಟಿಮೀಟರ್ ಜರುಗಿದವು. ಉರುಳಲಿಲ್ಲ.

ಕೈಗಾದ ಮೇಲ್ಗಡೆ ಸೂಪಾ ಮತ್ತು ಕೊಡಸಳ್ಳಿ ಅಣೆಕಟ್ಟು, ಕೆಳಗಡೆ ಕದ್ರಾ. ಸುತ್ತ ಕಡಿದಾದ ಗುಡ್ಡ, ಕೂಡುವ ರಸ್ತೆಗಳು ಮಳೆಗಾಲದಲ್ಲಿ ಕುಸಿಯುವಂಥವು. ಅಲ್ಲಿನ ಇಂಧನ ಸಹಜ ಯುರೇನಿಯಂನದ್ದು, ಕಡಿಮೆ ಉರಿದದ್ದು. ಹಾಗಾಗಿ ಫುಕುಶಿಮಾದ ಇಂಧನಕ್ಕಿಂತ ಅದರ ಶಾಖ ಕಡಿಮೆ, ನೀರು ಬತ್ತಲು ಹಿಡಿಯುವ ಸಮಯ ಜಾಸ್ತಿ. ಇದು ನಿಜವಾದ ಸಮಾಧಾನದ ಸಂಗತಿ. ಆದರೂ ಕೊಳಕ್ಕೆ ನೀರು ಬೇಕು, ನೀರು ತಿರುಗಿಸಲು ವಿದ್ಯುತ್ ಬೇಕು, ಅವೆರಡೂ ಇಲ್ಲದಾಗ ಡೀಸೆಲ್ ತರಲು ರಸ್ತೆ ಬೇಕು. ಕಾಸ್ಕ್‌ಗೆ ಇದ್ಯಾವುದೂ ಬೇಡ. ಆರಿದ ಇಂಧನವನ್ನು ಕೊಳದಿಂದ ತೆಗೆದು ಒಣ ಕಾಸ್ಕ್‌ನಲ್ಲಿಡುವುದೇ ಮೇಲು ಎಂದು ವಾದಿಸುವವರಲ್ಲಿ ಅಣುಶಕ್ತಿಯ ಟೀಕಾಕಾರರೂ ಇದ್ದಾರೆ. ಈ ಜಗಳದಲ್ಲಿ ಅಪರೂಪಕ್ಕೆ ಎರಡೂ ಕಡೆಯವರು ಹತ್ತಿರ ಬರುವ ಜಾಗ ಇದು.

ಭಾರತದ ನೀತಿ ಬೇರೆ ದಿಕ್ಕಿನದು. ಇಲ್ಲಿ ಬಳಸಿದ ಇಂಧನವನ್ನು ಕಸ ಎಂದು ಕರೆಯುವುದಿಲ್ಲ. ಅದರಿಂದ ಪ್ಲುಟೋನಿಯಂ ತೆಗೆದು ಮುಂದಿನ ಹಂತದ ರಿಯಾಕ್ಟರ್‌ಗೆ ಬಳಸುವ ಲೆಕ್ಕಾಚಾರ. ಮರುಸಂಸ್ಕರಣೆಯ ಘಟಕಗಳು ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿವೆ. ಮೂರೂ ಕೈಗಾದಿಂದ ದೂರ. ಹಾಗಾಗಿ ಪ್ರಯಾಣ ತಪ್ಪಿದ್ದಲ್ಲ. ಘಟಕ ಹೆಚ್ಚಿದಂತೆ ಅದೂ ಹೆಚ್ಚುತ್ತದೆ.

ಯಾವುದು ಗುಟ್ಟು, ಯಾವುದು ಅಲ್ಲ

ಇಂಧನ ಯಾವ ದಿನ, ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಯಾವ ದೇಶವೂ ಮೊದಲೇ ಡಂಗುರ ಸಾರುವುದಿಲ್ಲ. ಅದು ಸರಿಯೇ. ಕೈಗಾದ ನಾಲ್ಕೂ ಘಟಕಗಳು ಅಂತರರಾಷ್ಟ್ರೀಯ ಸಂಸ್ಥೆಯ ತಪಾಸಣೆಯ ಪಟ್ಟಿಯಲ್ಲಿಯೂ ಇಲ್ಲ. ಆ ತಪಾಸಣೆ ಇಂಧನದ ಲೆಕ್ಕ ಇಡಲಿಕ್ಕೆ, ಸುರಕ್ಷತೆ ನೋಡಲಿಕ್ಕಲ್ಲ ಎಂಬುದು ಬೇರೆ ಮಾತು. ಆದರೆ ಹೊರಗಿನ ಕಣ್ಣು ಇಲ್ಲದ ಕಡೆ ಒಳಗಿನ ನಿಯಂತ್ರಕನ ಮಾತೇ ಎಲ್ಲ. 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿ ತಾನು ನಿಯಂತ್ರಿಸಬೇಕಾದ ಇಲಾಖೆಯ ಆಸರೆಯಲ್ಲೇ ಇದೆ ಎಂದು 2012ರಲ್ಲಿ ಮಹಾಲೇಖಪಾಲರ ವರದಿ ಬೆರಳು ತೋರಿಸಿತ್ತು. ಹೊಸ ಕಾಯ್ದೆ ಮಂಡಳಿಗೆ ಶಾಸನದ ಬಲ ಕೊಟ್ಟಿದೆ. ಬಲ ಬಂದ ಮಂಡಳಿ ಎಷ್ಟು ಬಿಚ್ಚಿ ಮಾತಾಡುತ್ತದೆ ಎಂಬುದನ್ನು ಕೈಗಾದಂಥ ಕಡೆಯೇ ನೋಡಬೇಕು.

ಯಾಕೆಂದರೆ ಕೇಳಬೇಕಾದ ಪ್ರಶ್ನೆಗಳಲ್ಲಿ ಹೆಚ್ಚಿನವು ಗುಟ್ಟಿನವಲ್ಲ. ಇಂಧನ ಎಷ್ಟು ವರ್ಷ ಕೊಳದಲ್ಲಿ ಆರಿದ ಮೇಲೆ ಹೊರಗೆ ಹೋಗುತ್ತದೆ? ಕೊಳದಲ್ಲಿ ಎಷ್ಟು ಜಾಗ ಉಳಿದಿದೆ? ಕಾಸ್ಕ್ ಮಾದರಿಯನ್ನು ಪೂರ್ಣ ಗಾತ್ರದಲ್ಲಿ ಬೀಳಿಸಿ ನೋಡಿದ್ದಾರೋ, ಲೆಕ್ಕದಲ್ಲೋ? ಕಾಳಿ ಕಣಿವೆಯ ಸೇತುವೆಗಳು ಎಷ್ಟು ಟನ್ ತಡೆಯುತ್ತವೆ, ಕೊನೆಯ ತಪಾಸಣೆ ಯಾವಾಗ ಆಯಿತು? ಇದ್ಯಾವುದಕ್ಕೂ ಉತ್ತರ ಹೇಳಿದರೆ ಕಳ್ಳನಿಗೆ ದಾರಿ ತೋರಿಸಿದಂತೆ ಆಗುವುದಿಲ್ಲ.

ಇನ್ನೊಂದು ಪ್ರಶ್ನೆಗೆ ಉತ್ತರ ಕೊಡಲು ಪ್ರಯೋಗಾಲಯವೂ ಬೇಡ: ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಜಿಲ್ಲೆಯ ರಸ್ತೆಯಲ್ಲಾಗಲಿ ರೈಲಿನಲ್ಲಾಗಲಿ ಕಾಸ್ಕ್ ಹೋಗುವುದಿಲ್ಲ ಎಂದು ಬರೆದುಕೊಡುತ್ತಾರೆಯೇ? 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟ ರೈಲು ವೈಭವವಾಡಿ ಹತ್ತಿರ ಹಳಿಗೆ ಉರುಳಿದ್ದ ಬಂಡೆಗೆ ಗುದ್ದಿ ಹಳಿ ತಪ್ಪಿತ್ತು. ಶಿರೂರು ಕುಸಿದದ್ದು ಜುಲೈನಲ್ಲಿ, ಕಾಳಿ ಸೇತುವೆ ಬಿದ್ದದ್ದು ಆಗಸ್ಟ್‌ನಲ್ಲಿ. ಹತ್ತು ವರ್ಷ ಕೊಳದಲ್ಲಿ ಕೂತ ಇಂಧನಕ್ಕೆ ಇನ್ನು ನಾಲ್ಕು ತಿಂಗಳು ಕೂರಲು ಏನೂ ತೊಂದರೆ ಇಲ್ಲ.